ಮೇಜರ್ ಸಾಹೇಬರ ಪಾಲು

ಕೆಂಪು ಕೋಟನ್ನು ಕೆಂಪು ಎನ್ನಬಾರದು, ಪಿಂಕ್ ಎನ್ನಬೇಕು. ನಾಯಿಯನ್ನು ನಾಯಿ ಎನ್ನಬಾರದು, ಹೌಂಡ್ ಎನ್ನಬೇಕು. ಹೌಂಡುಗಳನ್ನು ಒಂದು, ಎರಡು ಎಂದು ಎಣಿಸಬಾರದು, ಜೋಡಿ ಲೆಕ್ಕದಲ್ಲಿ ಎಣಿಸಬೇಕು; ಹದಿನೈದು ಇದ್ದರೆ ಏಳೂವರೆ ಜೋಡಿ. ಮೇಜರ್ ವಿಂಟರ್ಟನ್ ಸಾಹೇಬರು ನನಗೆ ಕಲಿಸಿದ ಮೊದಲ ಪಾಠ ಇದು. ಒಮಾನಿನ ಕಡಲತಡಿಯ ಸಹಮ್‌ನ ಆ ತೋಟದಲ್ಲಿ ನಾನು ಸ್ಟೋರ್‌ಕೀಪರ್. ಇಂಡೆಂಟಿನಲ್ಲಿ ನಾನು ‘ನಾಯಿ’ ಎಂದು ಬರೆದದ್ದನ್ನು ಅವರು ಹೊಡೆದುಹಾಕಿ ‘ಹೌಂಡ್, ಏಳೂವರೆ ಜೋಡಿ’ ಎಂದು ತಿದ್ದಿದರು. ಮಸ್ಕತ್ತಿನ ಖುರುಮ್‌ನ ಹೆಡ್ ಆಫೀಸಿನಿಂದ ಫೋನು ಬಂತು. ಆ ಅರ್ಧ ಜೋಡಿ ಬದುಕಿದೆಯೋ ಸತ್ತಿದೆಯೋ, ಬದುಕಿದ್ದರೆ ಅದಕ್ಕೆ ಅರ್ಧ ಮಾಂಸ ಸಾಕಲ್ಲವೇ ಎಂದು ಕೇಳಿದರು. ನನ್ನ ಗಲ್ಫ್ ಜೀವನ ಶುರುವಾದದ್ದೇ ಹೀಗೆ.

ಸಾಹೇಬರ ಹುಟ್ಟೂರು ಇಂಗ್ಲೆಂಡಿನ ನಟ್ಟನಡುವಿನ ಒಂದು ಹಳ್ಳಿ. ಅವರ ಕೋಣೆಯ ಫೋಟೋಗಳಲ್ಲೆಲ್ಲ ಹುಲ್ಲು, ಬೇಲಿ, ಹಳ್ಳ, ಆಚೆ ಮತ್ತೆ ಹುಲ್ಲು. ನಡೆಯಲು ಕಲಿಯುವ ಮೊದಲೇ ಅವರನ್ನು ಕುದುರೆಯ ಮೇಲೆ ಕೂರಿಸಿದ್ದರಂತೆ. ಆಮೇಲೆ ನಲವತ್ತು ವರ್ಷ ಅವರು ಚಳಿಗಾಲದಲ್ಲಿ ನರಿಯ ಹಿಂದೆ ಓಡಿದರು, ಬೇಸಿಗೆಯಲ್ಲಿ ಚಳಿಗಾಲಕ್ಕೆ ಕಾದರು. ನಡುವೆ ಬಿಡುವಾದಾಗ ಸೈನ್ಯದಲ್ಲಿ ಕೆಲಸ ಮಾಡಿದರು, ಒಂದು ಮದುವೆಯನ್ನೂ ಆದರು. ಹೆಂಡತಿ ಬಿಟ್ಟು ಹೋದದ್ದು ನವೆಂಬರಿನಲ್ಲಿ, ಸಾಹೇಬರಿಗೆ ಗೊತ್ತಾದದ್ದು ಬೇಟೆಯ ಸೀಸನ್ ಮುಗಿದ ಮೇಲೆ ಎಂದು ನಮ್ಮ ಕ್ಯಾಂಪಿನಲ್ಲಿ ತಮಾಷೆ ಇತ್ತು. ಊರಿನ ಬೇಟೆಯ ತಂಡಕ್ಕೆ ಅವರೇ ಯಜಮಾನ, ಅಂದರೆ ಮಾಸ್ಟರ್. ಮಾಸ್ಟರ್‌ಗಿರಿ ಕೈಯಿಂದ ದುಡ್ಡು ಹಾಕಿ ಮಾಡುವ ಕೆಲಸ. ನಮ್ಮ ಊರಿನಲ್ಲಿ ಯಕ್ಷಗಾನ ಆಟದ ಮೇಳ ಕಟ್ಟಿ ಮನೆ ತೊಳೆದುಕೊಂಡವರು ಇಲ್ಲವೇ, ಹಾಗೆ. ಮೊದಲು ಹೊಲ ಹೋಯಿತು, ಆಮೇಲೆ ಮನೆ. ಉಳಿದದ್ದು ಹೌಂಡುಗಳು, ಗೇಣುದ್ದದ ಒಂದು ತಾಮ್ರದ ಕೊಂಬು, ಆ ಪಿಂಕ್ ಕೋಟು ಮತ್ತು ಎರಡು ಸಲ ಮುರಿದು ಕೂಡಿದ ಮೂಗು. ಆ ಮೂಗಿಗೆ ಗುಲಾಬಿಯೂ ಒಂದೇ, ಗೊಬ್ಬರವೂ ಒಂದೇ. ಮೂಗಿನ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಿಂದೆ ಒಮಾನಿನ ಸೈನ್ಯದಲ್ಲಿದ್ದ ಪರಿಚಯದಿಂದ ನಮ್ಮ ಧಣಿ ಅರ್ಬಾಬ್ ಯೂಸುಫ್ ಎಂಬತ್ತೈದರಲ್ಲಿ ಅವರನ್ನು ಕರೆಸಿಕೊಂಡರು, ತೋಟದ ಕುದುರೆ ಲಾಯ ನೋಡಿಕೊಳ್ಳಲು. ಸಾಹೇಬರ ಷರತ್ತು ಒಂದೇ: ಹೌಂಡುಗಳೂ ಬರುತ್ತವೆ. ಬಂದವು. ಆದರೆ ಸಹಮ್‌ನ ನರಿ ಇಂಗ್ಲೆಂಡಿನ ನರಿಯಲ್ಲ. ಮೈ ಬೆಕ್ಕಿನಷ್ಟು, ಕಿವಿ ಮಾತ್ರ ಮೊಲದ್ದು, ಬುದ್ಧಿ ವಕೀಲನದು. ಬಿಸಿಲಿರುವಾಗ ಬಿಲದಿಂದ ಹೊರಗೆ ಮೂಗು ಹಾಕುವುದಿಲ್ಲ. ಇಲಿ ಹಿಡಿಯುವ ಪ್ರಾಣಿಯನ್ನು ತನ್ನ ನೆಲದಲ್ಲಿ ಕೊಲ್ಲಕೂಡದು ಎಂದು ಅರ್ಬಾಬ್ ಕೂಡ ಹೇಳಿಬಿಟ್ಟರು. ಹಾಗಾಗಿ ಚಳಿಗಾಲದಲ್ಲಿ ಪ್ರತಿ ಶುಕ್ರವಾರ, ರಜೆಯ ದಿನ, ನರಿಯಿಲ್ಲದ ಬೇಟೆ ಶುರುವಾಯಿತು. ನರಿಯ ಮೂತ್ರದಲ್ಲಿ ಅದ್ದಿದ ಗೋಣಿಚೀಲವನ್ನು ಹಗ್ಗಕ್ಕೆ ಕಟ್ಟಿ ಒಬ್ಬ ಮುಂದೆ ಎಳೆದುಕೊಂಡು ಹೋಗಬೇಕು, ಆ ವಾಸನೆ ಹಿಡಿದು ಹೌಂಡುಗಳು ಓಡಬೇಕು, ಹೌಂಡುಗಳ ಹಿಂದೆ ಕುದುರೆಗಳು. ಮೂತ್ರದ ಬಾಟಲಿ ಇಂಗ್ಲೆಂಡಿನಿಂದ ವಿಮಾನದಲ್ಲಿ ಬರುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಏರ್‌ಪೋರ್ಟಿಗೆ ಹೋಗಬೇಕಾದವನು ನಾನು. ಕಸ್ಟಮ್ಸಿನವನು ಮುಚ್ಚಳ ತೆರೆದು ಒಮ್ಮೆ ಮೂಸಿದ, ಮತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ಸೀಲು ಹೊಡೆದ.

ಚೀಲ ಎಳೆಯುವ ಕೆಲಸಕ್ಕೆ ಸಿಕ್ಕಿದವನು ನಮ್ಮ ಕರಾವಳಿಯ ಬೆಳ್ಮಣ್ ಕಡೆಯ ಕೊರಗಪ್ಪ. ತೋಟದ ಕತ್ತೆಯ ಮೇಲೆ ಕೂತು, ಹಿಂದೆ ಚೀಲ ಎಳೆದುಕೊಂಡು, ಖರ್ಜೂರದ ತೋಟಗಳ ಆಚೆ ವಾದಿಯಲ್ಲಿ, ಅಂದರೆ ಒಣಗಿದ ಹೊಳೆಯ ಪಾತ್ರದಲ್ಲಿ, ಹೋಗುತ್ತಿದ್ದ. ಇಂಗ್ಲಿಷ್ ಬೇಟೆಗಾರರು ನರಿಯನ್ನು ಚಾರ್ಲಿ ಎನ್ನುತ್ತಾರಂತೆ. ಸಾಹೇಬರು ಕೊರಗಪ್ಪನಿಗೂ ಅದೇ ಹೆಸರಿಟ್ಟರು.

“ಪೊರ್ಬುಗಳೇ, ನರಿ ಆಗಿ ಸಂಬಳ ತಗೊಳ್ಳುದು ಅಂತ ಊರಲ್ಲಿ ಹೇಳ್ಲಿಕ್ಕೆ ಆಗ್ತದಾ? ಮಾವನ ಮನೆಯಲ್ಲಿ ಫಾರೆಸ್ಟ್ ಕೆಲಸ ಅಂತ ಹೇಳಿ ಇಟ್ಟಿದ್ದೇನೆ” ಎಂದು ಅವನು ನನ್ನಲ್ಲಿ ಗೋಳು ತೋಡಿಕೊಂಡ. ನಮ್ಮ ಊರ ಕಡೆ ಕ್ರಿಸ್ತುವರನ್ನು ಹೀಗೆಯೇ ಕರೆಯುವುದು, ಪೊರ್ಬುಗಳು ಎಂದು.

“ಸುಳ್ಳೆಂತ ಅಲ್ಲ ಮಾರಾಯ. ನರಿ ಇರುದು ಫಾರೆಸ್ಟಲ್ಲೇ ಅಲ್ವಾ?” ಎಂದೆ.

ಕೊರಗಪ್ಪನಿಗೆ ಕತ್ತೆಗಿಂತ ದೊಡ್ಡ ಬೇಸರ ಬೇರೊಂದಿತ್ತು. ಅವನ ಅಜ್ಜ ಹಂದಿ ಬೇಟೆಯ ಯಜಮಾನರಾಗಿದ್ದವರು. ಅಲ್ಲಿ ಬೇಟೆ ಮುಗಿದ ಮೇಲೆ ಪಾಲು ಆಗಲೇಬೇಕು. ಬಂದವರಿಗೆಲ್ಲ ಪಾಲು, ನಾಯಿಗೂ ಪಾಲು, ದಾರಿಯಲ್ಲಿ ಸುಮ್ಮನೆ ನಿಂತು ನೋಡಿದವನಿಗೂ ಒಂದು ತುಂಡು, ತಲೆ ಯಜಮಾನನಿಗೆ. ಆದ್ದರಿಂದ ಅವನು ಒಂದು ದಿನ ಸಾಹೇಬರನ್ನೇ ಕೇಳಿದ, ನಿಮ್ಮಲ್ಲಿ ನರಿಯನ್ನು ಹೇಗೆ ಪಾಲು ಮಾಡುತ್ತೀರಿ ಎಂದು.

“ಯಾರೂ ತಿನ್ನುವುದಿಲ್ಲ, ಚಾರ್ಲಿ. ತಲೆಯನ್ನು ಮಾತ್ರ ಕತ್ತರಿಸಿ, ಆ ದಿನ ಚೆನ್ನಾಗಿ ಸವಾರಿ ಮಾಡಿದವರಿಗೆ ಮಾಸ್ಟರ್ ಕೊಡುತ್ತಾನೆ. ದೊಡ್ಡ ಗೌರವ ಅದು. ಗೋಡೆಗೆ ಹಾಕಿಕೊಳ್ಳುತ್ತಾರೆ.”

“ನಿಮಗೆಷ್ಟು ಸಿಕ್ಕಿದೆ ಸಾಹೇಬ್ರೇ?”

“ನನಗೆ ಹೇಗೆ ಸಿಗುತ್ತದೆ? ಮಾಸ್ಟರ್ ಕೊಡುವವನು.”

“ಮಾಸ್ಟರ್ ಆಗುವ ಮೊದಲು?”

ಸಾಹೇಬರು ಮೂಗು ಮುಟ್ಟಿಕೊಂಡು ಯೋಚಿಸಿದರು. “ಆಗೆಲ್ಲ ತಲೆ ಕೊಡುವ ಹೊತ್ತಿಗೆ ನಾನು ಹಿಂದೆ ಯಾವುದೋ ಹಳ್ಳದಲ್ಲಿ ಬಿದ್ದಿರುತ್ತಿದ್ದೆ.”

ಕೊರಗಪ್ಪ ಇದನ್ನು ನನಗೆ ಹೇಳುವಾಗ ನಿಜಕ್ಕೂ ಮರುಗಿದ. “ಪಾಪ ಮಾರಾಯ್ರೇ, ನಲವತ್ತು ವರ್ಷ ಬೇಟೆ ಆಡಿ ಒಂದು ತುಂಡು ಸಿಗ್ಲಿಲ್ಲ! ಈ ನಾಯಿಗಳಿಗೂ ಅಷ್ಟೇ. ಓಡಿ ಓಡಿ ಬರುದು, ಕಡೆಗೆ ಸಿಗುದು ಖಾಲಿ ಗೋಣಿ. ಹೀಗೆ ಮೋಸ ಮಾಡಿದ್ರೆ ಯಾವ ನಾಯಿ ನಾಳೆ ಬರ್ತದೆ?” ಹೌಂಡುಗಳು ಊಟ ಮಾಡುವುದು ಗೂಡಿನಲ್ಲಿ ಮಾತ್ರ, ಬಯಲಿನಲ್ಲಿ ಒಂದು ಚೂರೂ ಹಾಕಬಾರದು ಎಂಬುದು ಸಾಹೇಬರ ಕಟ್ಟಪ್ಪಣೆ. ಕೊರಗಪ್ಪ ತಲೆಯಾಡಿಸಿದ. ಅವನು ತಲೆಯಾಡಿಸಿದ ಎಂದರೆ ಒಪ್ಪಿದ ಎಂದು ಅರ್ಥವಲ್ಲ ಎಂದು ಇಂಗ್ಲಿಷರಿಗೆ ಹೇಗೆ ಗೊತ್ತಾಗಬೇಕು?

ತೊಂಬತ್ತರಲ್ಲಿ ಕೊರಗಪ್ಪನ ಹೆಂಡತಿ ಹರಿಣಾಕ್ಷಿ ಬಂದಳು, ಸಾಹೇಬರ ಬಂಗಲೆಯ ಅಡುಗೆ ಕೆಲಸಕ್ಕೆ. ಅವಳು ಬಂದ ವಾರದಲ್ಲೇ ಮೂತ್ರದ ಬಾಟಲಿಗೆ ಗಂಡಾಂತರ ಬಂತು. ತಂಪಾದ ಜಾಗದಲ್ಲಿಡು ಎಂದು ಸಾಹೇಬರು ಹೇಳಿದ್ದರಿಂದ ಕೊರಗಪ್ಪ ಅದನ್ನು ತನ್ನ ಮನೆಯ ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಕ್ಕ ಇಟ್ಟಿದ್ದ. ಫ್ರಿಜ್ಜಿನ ಮೇಲೆಯೇ ಊರಿನ ದೈವದ ಫೋಟೋ, ಅದರ ಮುಂದೆ ದೀಪ. ಇದೇನು ಬಾಟಲಿ ಎಂದು ಹರಿಣಾಕ್ಷಿ ಕೇಳಿದಳು. ಗಂಡ ಹೇಳಿದ. ಆಮೇಲೆ ಅವಳು ಹಾಕಿದ ಬೊಬ್ಬೆಗೆ ನಾನು ಸ್ಟೋರಿನಿಂದ ಓಡಿ ಬಂದೆ.

“ಕೇಳಿದ್ರಾ ಪೊರ್ಬುಗಳೇ! ನರಿಯ ಉಚ್ಚೆ! ದೈವದ ಬುಡದಲ್ಲಿ! ಇವರಿಗೆ ತಲೆ ಸಮ ಉಂಟಾ?” ಎನ್ನುತ್ತಲೇ ಅವಳು ಬಾಟಲಿಯನ್ನು ಇಕ್ಕುಳದಲ್ಲಿ ಹಿಡಿದು ಹೊರಗೆ ಹೋಗಿ ಲಿಂಬೆ ಗಿಡದ ಬುಡಕ್ಕೆ ಸುರಿದಳು. ಆ ಗಿಡ ಆ ವರ್ಷ ಕಾಯಿ ಬಿಡಲಿಲ್ಲ.

“ಶುಕ್ರವಾರಕ್ಕೆ ಎಂತ ಮಾಡುದು ಮಾರಾಯ್ತಿ?” ಎಂದು ಕೊರಗಪ್ಪ ತಲೆಗೆ ಕೈಹೊತ್ತ.

“ನಾಯಿಗೆ ವಾಸನೆ ಬೇಕು, ಅಷ್ಟೇ ಅಲ್ವಾ? ಒಣಮೀನಿಗೆ ಇಲ್ಲದ ವಾಸನೆಯಾ?” ಎಂದಳು ಹರಿಣಾಕ್ಷಿ. ಚಳಿಗಾಲ ಬಂತೆಂದರೆ ಸಹಮ್‌ನ ಕಡಲತಡಿಯಲ್ಲಿ ಬೂತಾಯಿ ಮೀನನ್ನು ಮರಳಿನ ಮೇಲೆಯೇ ಹರಡಿ ಒಣಗಿಸುತ್ತಾರೆ, ದನ ಮತ್ತು ಒಂಟೆಯ ಮೇವಿಗೆ. ಅಲ್ಲಿಂದ ತಂದ ಒಂದು ಚೀಲ ಅವಳ ಅಡುಗೆಕೋಣೆಯಲ್ಲಿ ಇದ್ದೇ ಇತ್ತು. ಅದನ್ನು ಕುದಿಸಿದ ನೀರಿನಲ್ಲಿ ಗೋಣಿ ಅದ್ದಿ ಕೊಟ್ಟಳು.

ಆ ಶುಕ್ರವಾರ ಹೌಂಡುಗಳು ಓಡಿದ ಓಟವನ್ನು ಏನೆಂದು ಹೇಳಲಿ! ಸಾಹೇಬರ ಕುದುರೆಗೇ ಅವುಗಳನ್ನು ಹಿಡಿಯಲು ಆಗಲಿಲ್ಲ. ವಾದಿಯ ಕೊನೆಯಲ್ಲಿ, ಸವಾರರು ಬಂದು ತಲುಪುವ ಮೊದಲು, ಕೊರಗಪ್ಪ ತನ್ನ ಅಜ್ಜನ ಧರ್ಮದಂತೆ ಪ್ರತಿಯೊಂದಕ್ಕೂ ಒಂದೊಂದು ಒಣ ಬೂತಾಯಿ ಹಂಚಿ ಅವುಗಳ ಬಾಯಿ ಒರೆಸಿಬಿಟ್ಟ. ಸಾಹೇಬರು ಬೆವರು ಸುರಿಸುತ್ತ ಬಂದು ಇಳಿದವರೇ, “ಬಾಟಿನಾ ಕರಾವಳಿಯ ಈ ನೆಲ ವಾಸನೆ ಹಿಡಿದಿಡುವ ರೀತಿ ಇಂಗ್ಲೆಂಡಿನಲ್ಲೂ ಇಲ್ಲ!” ಎಂದರು. ಇಡೀ ಬಯಲು ಮಲ್ಪೆಯ ಬಂದರಿನಂತೆ ನಾರುತ್ತಿತ್ತು. ಸೋಹಾರಿನಿಂದ, ಮಸ್ಕತ್ತಿನಿಂದ ಸವಾರಿಗೆ ಬಂದ ಬಿಳಿಯರು ಕಡಲು ಹತ್ತಿರವಿದೆಯಲ್ಲ ಎಂದುಕೊಂಡರು. ಕ್ಯಾಂಪಿನ ನಮಗೆಲ್ಲ ಗೊತ್ತಿತ್ತು, ಆದರೆ ಸಾಹೇಬರ ಮುಖದಲ್ಲಿ ಆ ಖುಷಿ ನೋಡಿದ ಮೇಲೆ ಹೇಳುವ ಬಾಯಿ ಯಾರಿಗಿತ್ತು? ಎರಡು ಚಳಿಗಾಲ ಹೀಗೇ ನಡೆಯಿತು.

ತೊಂಬತ್ತೆರಡರ ಜನವರಿಯಲ್ಲಿ ಅರ್ಬಾಬ್ ತೋಟಕ್ಕೆ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದವರಲ್ಲ. ಸಾಹೇಬರಿಗೆ ಖಾವಾ ಎಂಬ ಅರಬಿ ಕಾಫಿ ಕೊಟ್ಟು, ಖರ್ಜೂರ ಕೊಟ್ಟು, ಕೊನೆಗೆ ವಿಷಯಕ್ಕೆ ಬಂದರು. ನಾಯಿಗಳ ಬೊಗಳಾಟಕ್ಕೆ ನೆರೆಯವರ ಆಡುಗಳು ಹಾಲು ಬಿಡುತ್ತಿಲ್ಲ, ದನದ ಮಾಂಸ ತಂದು ನಾಯಿಗೆ ಹಾಕುವುದನ್ನು ಕಂಡು ಊರ ಹಿರಿಯರು ಬೇಸರಪಟ್ಟಿದ್ದಾರೆ. “ಮೇಜರ್, ಏಳು ವರ್ಷ ನೋಡಿದೆ. ನೀವು ಏನನ್ನೂ ಹಿಡಿಯುವುದಿಲ್ಲ, ಏನನ್ನೂ ಮನೆಗೆ ತರುವುದಿಲ್ಲ. ಇದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬರುವ ಶುಕ್ರವಾರ ನಾನೇ ಕಡೆಯವರೆಗೆ ಹಿಂದೆ ಬಂದು ನೋಡುತ್ತೇನೆ. ಅರ್ಥವಾದರೆ ನಾಯಿಗಳು ಇರಲಿ. ಇಲ್ಲದಿದ್ದರೆ ಖಲಾಸ್.”

ಹೌಂಡುಗಳು ಹೋದರೆ ಸಾಹೇಬರೂ ಹೋಗುವವರೇ. ಎಲ್ಲಿಗೆ? ಹಳ್ಳಿಯ ಮನೆ ಮಾರಿಹೋಗಿ ಎಷ್ಟೋ ಕಾಲವಾಗಿತ್ತು. ಇಂಗ್ಲೆಂಡಿನ ಯಾವುದೋ ಕಡಲತಡಿಯ ಪೇಟೆಯಲ್ಲಿ ಒಬ್ಬ ತಂಗಿ ಇದ್ದಳು, ಮೂರನೇ ಮಹಡಿಯ ಫ್ಲ್ಯಾಟು, ಅಲ್ಲಿ ಬೆಕ್ಕು ಸಾಕಲೂ ಅಪ್ಪಣೆ ಇಲ್ಲ. ಮುದಿಯಾದ ಹೌಂಡುಗಳನ್ನು ಯಾರೂ ಕೊಳ್ಳುವುದೂ ಇಲ್ಲ. ಅವಕ್ಕೆ ಇಂಜೆಕ್ಷನ್ನೇ ಗತಿ. ಆ ವಾರ ಸಾಹೇಬರು ಗೂಡಿನ ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ಒಂದೊಂದನ್ನೂ ಹೆಸರು ಹಿಡಿದು ಕರೆಯುವರು, ಕಿವಿ ತಿಕ್ಕುವರು. ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೇ. ಆದರೂ ಊರಿಗೆ ಫೋನು ಮಾಡಿ ಹೇಳಿದೆ. ನನ್ನ ಹೆಂಡತಿ ಡಾಲಿ ಊರಿನಲ್ಲಿ ಸಂತ ಅಂತೋನಿಗೆ ಮೇಣದಬತ್ತಿ ಹರಕೆ ಹೊತ್ತಳು. ಹರಿಣಾಕ್ಷಿ ದೈವಕ್ಕೆ ಹೇಳಿಕೊಂಡಳು, ಮತ್ತು ಹೆಚ್ಚಿನ ಭದ್ರತೆಗೆಂದು ಮೀನಿನ ನೀರನ್ನು ಎರಡು ಪಾಲು ಗಟ್ಟಿ ಮಾಡಿದಳು.

ಶುಕ್ರವಾರ ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು. ಸಾಹೇಬರು ಪಿಂಕ್ ಕೋಟು ತೊಟ್ಟು, ಬೂಟು ತಿಕ್ಕಿ, ಕುದುರೆಯ ಮೇಲೆ ಮದುಮಗನ ಹಾಗೆ ಕೂತಿದ್ದರು. ಕೊರಗಪ್ಪ ಮುಂಚೆಯೇ ಕತ್ತೆ ಏರಿ ವಾದಿಯ ದಾರಿ ಹಿಡಿದಿದ್ದ. ಸಾಹೇಬರು ಕೊಂಬು ಊದಿದರು, ಹೌಂಡುಗಳು ಹಾಡಿಕೊಂಡು ಹೊರಟವು, ಹಿಂದೆ ಹತ್ತು ಹನ್ನೆರಡು ಕುದುರೆ. ಅದರ ಹಿಂದೆ ಲ್ಯಾಂಡ್‌ಕ್ರೂಸರಿನಲ್ಲಿ ಅರ್ಬಾಬ್, ಡ್ರೈವರಿನ ಪಕ್ಕದಲ್ಲಿ ದಾರಿ ತೋರಿಸಲು ನಾನು. ಅರ್ಬಾಬ್ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. “ಖೂಬ್ ಹೈ” ಎಂದು ಒಮ್ಮೆ ಅಂದರು ಕೂಡ. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ.

ಅಷ್ಟರಲ್ಲಿ ಗಾಳಿ ತಿರುಗಿತು. ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸಬೇಕಾದ ಗಾಳಿ, ಆ ದಿನ ಯಾವ ಶನಿ ಹಿಡಿದಿತ್ತೋ, ಕಡಲಿನಿಂದ ನೆಲಕ್ಕೆ ಬೀಸಿತು. ಆ ವಾರ ಬಲೆಗೆ ಬೂತಾಯಿ ಬಿದ್ದ ಹಾಗೆ ಹತ್ತು ವರ್ಷದಲ್ಲಿ ಬಿದ್ದಿರಲಿಲ್ಲ. ಕಡಲತಡಿಯಲ್ಲಿ ಕಣ್ಣು ಹಾಯುವಷ್ಟು ದೂರಕ್ಕೂ ಮೀನಿನ ಹಾಸಿಗೆ. ಹೌಂಡುಗಳು ಓಟದ ನಡುವೆ ಗಕ್ಕನೆ ನಿಂತವು. ತಲೆ ಎತ್ತಿದವು. ಒಂದು ಗೋಣಿಯ ವಾಸನೆ ಎತ್ತ, ಊರು ತುಂಬ ಮೀನಿನ ವಾಸನೆ ಎತ್ತ? ಏಳೂವರೆ ಜೋಡಿಯೂ ಒಟ್ಟಿಗೆ ಬಲಕ್ಕೆ ತಿರುಗಿ ಕಡಲಿನತ್ತ ಹಾರಿದವು.

ಸಾಹೇಬರು ಕೊಂಬು ಊದಿದರು, ಕೂಗಿದರು, ಯಾವ ಹೌಂಡೂ ಕಿವಿಗೊಡಲಿಲ್ಲ. ಆಮೇಲೆ ಅವರಿಗೆ ಏನನ್ನಿಸಿತೋ, “ನರಿ! ನಿಜವಾದ ನರಿ!” ಎಂದು ಟೊಪ್ಪಿ ಎತ್ತಿ ಬೀಸಿ ಕುದುರೆಯನ್ನು ಹಾರಿಸಿದರು. ತೋಟದ ಬೇಲಿ ಹಾರಿದರು, ನೀರಿನ ಕಾಲುವೆ ಹಾರಿದರು. ಅರವತ್ತು ದಾಟಿದ ಮನುಷ್ಯ! ಹಿಂದಿನವರಲ್ಲಿ ಇಬ್ಬರು ಕಾಲುವೆಯಲ್ಲಿ ಬಿದ್ದರು. ಇಡೀ ಮೆರವಣಿಗೆ ಸಹಮ್‌ನ ಸೂಕಿನ, ಅಂದರೆ ಸಂತೆಪೇಟೆಯ, ನಡುವೆ ನುಗ್ಗಿ, ಅಂಗಡಿಯವರು ನೋಡುತ್ತ ನಿಂತಿರುವಾಗಲೇ, ದಾಟಿ ಹೋಯಿತು. ಅರ್ಬಾಬ್ ಡ್ರೈವರಿನ ಹೆಗಲು ಗುದ್ದಿ “ಯಲ್ಲಾ, ಯಲ್ಲಾ!” ಎನ್ನುತ್ತಿದ್ದರು.

ನಾವು ತಲುಪಿದಾಗ ಹೌಂಡುಗಳು ಮದುವೆಯ ಪಂಕ್ತಿಯಲ್ಲಿ ಕೂತಂತೆ ಸಾಲಾಗಿ ತಿನ್ನುತ್ತಿದ್ದವು. ಆ ಮೀನಿನ ಒಡತಿ ಜಮೀಲಾ ಎಂಬ ಮುದುಕಿ ಖರ್ಜೂರದ ಗರಿಯ ಪೊರಕೆ ಹಿಡಿದು ಒಂದೊಂದಕ್ಕೂ ಬಾರಿಸುತ್ತಿದ್ದಳು. ತಡೆಯಲು ಹೋದ ಸಾಹೇಬರ ಪಿಂಕ್ ಕೋಟಿಗೂ ಎರಡು ಬಿತ್ತು. ಸಾಹೇಬರು ಸುತ್ತ ನೋಡಿದರು. ನರಿ ಇಲ್ಲ. ಕಾಲ ಬಳಿಯ ಒಂದು ಬೂತಾಯಿ ಎತ್ತಿಕೊಂಡರು, ತಮ್ಮ ಹೌಂಡುಗಳನ್ನು ನೋಡಿದರು, ಮತ್ತೆ ಮೀನನ್ನು ನೋಡಿದರು. ಆ ಹೊತ್ತಿಗೆ ವಾದಿಯಲ್ಲಿ ಕಾದು ಕಾದು ಸಾಕಾಗಿ ಕೊರಗಪ್ಪನೂ ಕತ್ತೆಯ ಮೇಲೆ ಗೋಣಿ ಎಳೆದುಕೊಂಡು ಬಂದ.

“ಚಾರ್ಲಿ, ಆ ಚೀಲದಲ್ಲಿ ಏನಿದೆ?”

ಕೊರಗಪ್ಪ ಕತ್ತೆಯಿಂದ ಇಳಿದ. “ಮೀನು, ಸಾಹೇಬ್ರೇ.”

“ಎಷ್ಟು ಸಮಯದಿಂದ?”

“ನನ್ನ ಹೆಂಡತಿ ಊರಿಂದ ಬಂದಾಗಿಂದ.”

ಸಾಹೇಬರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಅವರ ಮುಖ ಒಮ್ಮೆಲೇ ಹತ್ತು ವರ್ಷ ಮುದಿಯಾಯಿತು. ಬದುಕಿನ ಅತಿ ಒಳ್ಳೆಯ ಎರಡು ಸೀಸನ್ ಎಂದು ಊರವರಿಗೆಲ್ಲ ಹೇಳಿಕೊಂಡು ತಿರುಗಿದ್ದರು, ಪಾಪ. ಅವರು ಟೊಪ್ಪಿ ತೆಗೆದು ಅರ್ಬಾಬ್ ಮುಂದೆ ನೆಟ್ಟಗೆ ನಿಂತರು. “ಖಲಾಸ್, ಯೂಸುಫ್. ನಾನು ಹೌಂಡುಗಳ ವ್ಯವಸ್ಥೆ ಮಾಡುತ್ತೇನೆ. ಈ ಹೆಂಗಸಿನ ಕ್ಷಮೆ ಕೇಳುತ್ತೇನೆ.”

ಅರ್ಬಾಬ್ ಕೊರಗಪ್ಪನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು. “ವಾಸನೆ ಸರಿ. ಆದರೆ ಇವು ತಿನ್ನಲು ಕಲಿತದ್ದು ಹೇಗೆ?”

ಅಜ್ಜನ ಧರ್ಮದ ವಿಷಯ ಬಂದಾಗ ಕೊರಗಪ್ಪನ ಬೆನ್ನು ನೆಟ್ಟಗಾಗುತ್ತದೆ. “ನಾನೇ ಕೊಟ್ಟದ್ದು ಅರ್ಬಾಬ್. ಪ್ರತಿ ಸಲ ಒಂದೊಂದು. ಓಡಿದ ನಾಯಿಗೆ ಪಾಲು ಕೊಡದಿದ್ರೆ ಪಾಪ ತಟ್ತದೆ. ನಮ್ಮ ಊರಲ್ಲಿ ಹಾಗೆ.”

ಅರ್ಬಾಬ್ ನಗಲು ಶುರುಮಾಡಿದರು. ಮೊದಲು ಸಣ್ಣಗೆ, ಆಮೇಲೆ ಲ್ಯಾಂಡ್‌ಕ್ರೂಸರಿನ ಬಾಗಿಲು ಹಿಡಿದುಕೊಂಡು. “ಮೇಜರ್, ನನ್ನ ತಂದೆ ಗಿಡುಗ ಸಾಕಿದ್ದರು. ಗಿಡುಗ ಹಕ್ಕಿ ಹಿಡಿದರೆ ಮೊದಲ ತುಂಡು ಅದಕ್ಕೇ. ಕೊಡದಿದ್ದರೆ ಮರುದಿನ ಕೈಗೆ ಬರುವುದಿಲ್ಲ. ಏಳು ವರ್ಷ ನನಗೆ ಅರ್ಥವಾಗದೆ ಇದ್ದದ್ದು ಇದೇ. ಓಡುತ್ತೀರಿ, ಆದರೆ ಯಾರಿಗೂ ಏನೂ ಕೊಡುವುದಿಲ್ಲ. ಬೇಟೆಯ ಕೊನೆ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಕೊನೆ ಇಲ್ಲಿದೆ.” ಆಮೇಲೆ ಜಮೀಲಾಳ ಜೊತೆ ಅರಬಿಯಲ್ಲಿ ಮಾತಾಡಿದರು. ಅವಳು ಪೊರಕೆ ಕೆಳಗಿಡದೆಯೇ ಚೌಕಾಶಿ ಮಾಡಿದಳು. ಕೊನೆಗೆ ತೀರ್ಮಾನವಾಯಿತು: ಇನ್ನು ನಾಯಿಗಳಿಗೆ ಮಾಂಸ ಬೇಡ, ಜಮೀಲಾಳ ಬೂತಾಯಿಯೇ ಊಟ, ಬೇಟೆ ಆಡುಗಳ ಕಡೆ ಹೋಗಬಾರದು, ಕಡಲತಡಿಯಲ್ಲೇ ನಡೆಯಬೇಕು. “ನಾಯಿಗಳು ಇರಲಿ, ನೀವೂ ಇರಿ” ಎಂದು ಅರ್ಬಾಬ್ ಸಾಹೇಬರ ಭುಜ ತಟ್ಟಿದರು.

ಸಾಹೇಬರು ಮರಳಿನ ಮೇಲೆ ಹೌಂಡುಗಳ ನಡುವೆ ಕೂತರು. ಸುದ್ದಿ ತಿಳಿದು ಪಿಕಪ್ಪಿನಲ್ಲಿ ಬಂದಿದ್ದ ಹರಿಣಾಕ್ಷಿ ಅಷ್ಟರಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿದ್ದಳು. ಹಸಿ ಮೀನು ದೋಣಿಯಿಂದ ಬಂತು. ಎಲ್ಲರಿಗೂ ಪಾಲಾಯಿತು. ಅರ್ಬಾಬಿಗೆ, ಕಾಲುವೆಯಲ್ಲಿ ಬಿದ್ದು ಒದ್ದೆಯಾದ ಬಿಳಿಯರಿಗೆ, ನನಗೆ, ಸೂಕಿನಿಂದ ಸುಮ್ಮನೆ ನೋಡಲು ಬಂದವರಿಗೆ. ಜಮೀಲಾ ತನ್ನ ಪಾಲು ತಾನೇ ಆರಿಸಿಕೊಂಡಳು.

ಕೊನೆಗೆ ಕೊರಗಪ್ಪ ಒಂದು ಪಿಂಗಾಣಿ ತಟ್ಟೆ ಹಿಡಿದು ಸಾಹೇಬರ ಮುಂದೆ ಬಂದ. ತಟ್ಟೆಯ ನಡುವೆ ಒಂದೇ ಒಂದು ಬೂತಾಯಿ ತಲೆ, ಬೆಂಕಿಯಲ್ಲಿ ಸುಟ್ಟದ್ದು.

“ತಲೆ ಯಜಮಾನನಿಗೆ, ಸಾಹೇಬ್ರೇ” ಎಂದ.

ಸಾಹೇಬರು ಆ ಹೆಬ್ಬೆರಳಿನಷ್ಟು ತಲೆಯನ್ನು ಬಹಳ ಹೊತ್ತು ನೋಡಿದರು. ಗೋಡೆಗೆ ಹಾಕಬೇಕೋ ತಿನ್ನಬೇಕೋ ಎಂದು ಯೋಚಿಸುತ್ತಿದ್ದಾರೆಂದು ನನಗೆ ಕಂಡಿತು. ಆಮೇಲೆ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು. “ಥ್ಯಾಂಕ್ ಯೂ, ಕೊರಗಪ್ಪ” ಎಂದರು. ಆ ಹೆಸರು ಅವರಿಗೆ ಗೊತ್ತಿತ್ತು ಎಂಬುದೇ ನಮಗೆ ಗೊತ್ತಿರಲಿಲ್ಲ. ತಲೆಯನ್ನು ಇಡಿಯಾಗಿ ಬಾಯಿಗೆ ಹಾಕಿ, ಮುಳ್ಳು ಸಹಿತ ಅಗಿದು ನುಂಗಿದರು. ಕಣ್ಣಿನಲ್ಲಿ ನೀರು ಇಳಿಯಿತು.

“ಖಾರ ಸ್ವಲ್ಪ ಹೆಚ್ಚಾಗಿದೆ” ಎಂದು ಕರ್ಚೀಫು ತೆಗೆದರು.

ನಾನು ಅದನ್ನು ಹರಿಣಾಕ್ಷಿಗೆ ಹೇಳಿದೆ. ಅವಳು ಬೆಂಕಿಯ ಬಳಿಯಿಂದ ತಲೆ ಎತ್ತಿದಳು. “ಖಾರವಾ? ಬಿಳಿಯರು ತಿನ್ನುದಲ್ವಾ ಅಂತ ಬರೀ ಉಪ್ಪು ಹಾಕಿದ್ದು ಪೊರ್ಬುಗಳೇ!”

ಸುಮ್ಮನಿರು ಎಂದು ನಾನು ಅವಳಿಗೆ ಕಣ್ಣಸನ್ನೆ ಮಾಡಿದೆ.